ಮನೆ ‘ಮ್ನೆ’ ಆದ ಕಥೆ: ಅಯಸ್ಕಾಂತದ ಕೀಬೋರ್ಡ್ ಒಳಗೆ ನಡೆಯುತ್ತಿರುವುದೇನು?

ಅಣ್ಣನ ಮಗ ತಂದ ಹೊಸ ಕೀಬೋರ್ಡ್‌ನಲ್ಲಿ ನಾನು ಬರೆದ ಮೊದಲ ಸಾಲು: ‘ಮ್ನೆಗೆ ಬ್ರುತ್ತೇನೆ.’ ಬರೆಯಲು ಹೊರಟಿದ್ದು ‘ಮನೆಗೆ ಬರುತ್ತೇನೆ’ ಅಂತ. ಎರಡನೇ ಸಲವೂ ಅದೇ ಗತಿ. ಮೂರನೇ ಸಲಕ್ಕೆ ಮನೆ ಸರಿಹೋಯಿತು, ಬರುವುದು ಕೆಟ್ಟಿತು.

ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ, ನಮ್ಮ ರಾಜ್ಯ ಸರ್ಕಾರವೂ ಒಪ್ಪಿಕೊಂಡಿರುವ ಕನ್ನಡ ವಿನ್ಯಾಸ. ನುಡಿ ಬಳಸುವವರಿಗೆ ಅದು ಗೊತ್ತೇ ಇರುತ್ತದೆ. ಅದರಲ್ಲಿ ಒತ್ತಕ್ಷರ ಕೊಡಲು ಎಫ್ ಕೀ ಒತ್ತಬೇಕು. ಎಫ್ ಅಂದರೆ ಎಡಗೈ ತೋರುಬೆರಳು ಕೆಲಸವಿಲ್ಲದಾಗ ಸುಮ್ನೆ ಕೂತಿರುವ ಜಾಗ, ಸಣ್ಣ ಗೆರೆಯ ಗುರುತಿರುವ ಕೀ. ಹುಡುಗ ಎಲ್ಲ ಕೀಗಳನ್ನೂ 0.1 ಮಿ.ಮೀ.ಗೆ ಇಟ್ಟಿದ್ದ. ಅಂದರೆ ಒಂದು ಎ4 ಹಾಳೆಯ ದಪ್ಪದಷ್ಟು ಕೆಳಗೆ ಹೋದರೂ ಕೀ ‘ಒತ್ತಿದೆ’ ಅಂತ ಲೆಕ್ಕ. ನನ್ನ ಬೆರಳು ಕೂತಲ್ಲೇ ಒಂಚೂರು ಅಲುಗಿದ್ದಕ್ಕೆ ‘ಮ’ ಮತ್ತು ‘ನ’ ನಡುವೆ ಒತ್ತಕ್ಷರದ ಗುರುತು (್) ನುಗ್ಗಿ, ಮನೆ ಮ್ನೆ ಆಯಿತು. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ ಬಳಸುವವರೂ ನಗುವ ಹಾಗಿಲ್ಲ. ಅಲ್ಲಿ ಅದೇ ಕೆಲಸ ಮಾಡುವುದು ಪಕ್ಕದ ಡಿ ಕೀ. ಅದರ ಮೇಲೂ ಒಂದು ಬೆರಳು ಕೂತೇ ಇರುತ್ತದೆ.

“ಚಿಕ್ಕಪ್ಪ, ಇದನ್ನ ಒತ್ತೋದೇ ಬೇಡ, ಮುಟ್ಟಿದ್ರೆ ಸಾಕು,” ಅಂತ ಹೆಮ್ಮೆಯಿಂದ ಹೇಳಿದ ಅವನು. ನನ್ನ ತೊಂದರೆಯೂ ಅದೇ ಆಗಿತ್ತು.

ಮೂರ್ನಾಲ್ಕು ವರ್ಷದಿಂದ ಕೀಬೋರ್ಡ್ ಹುಚ್ಚಿನವರ ನಡುವೆ ಇದೇ ಮಾತು. ಹಾಲ್ ಎಫೆಕ್ಟ್, ರ್‍ಯಾಪಿಡ್ ಟ್ರಿಗರ್, 0.01 ಮಿ.ಮೀ. ನಿಖರತೆ, 8000 ಹರ್ಟ್ಸ್. ಡಬ್ಬಿಯ ಮೇಲೆ ಅಂಕಿಗಳ ಜಾತ್ರೆ. ಅದರ ಒಳಗೆ ನಿಜಕ್ಕೂ ಬದಲಾದದ್ದು ಒಂದೇ ವಿಷಯ. ಕೀ ಒತ್ತಿದೆಯೋ ಇಲ್ಲವೋ ಅಂತ ಮೊದಲು ತೀರ್ಮಾನಿಸುತ್ತಿದ್ದದ್ದು ಒಂದು ಲೋಹದ ಪಟ್ಟಿ. ಈಗ ಆ ತೀರ್ಮಾನ ಸಾಫ್ಟ್‌ವೇರ್ ಕೈಗೆ ಹೋಗಿದೆ. ಮಿಕ್ಕ ಲಾಭ, ಗೊಂದಲ, ಜಗಳ ಎಲ್ಲ ಇದರಿಂದಲೇ ಹುಟ್ಟಿದ್ದು.

ಮಾಮೂಲಿ ಮೆಕ್ಯಾನಿಕಲ್ ಸ್ವಿಚ್ ಸರಳ. ಚೆರ್‍ರಿ ಎಂಎಕ್ಸ್ ರೆಡ್ ತೆಗೆದುಕೊಳ್ಳಿ. ಕೀ ಪೂರ್ತಿ 4 ಮಿ.ಮೀ. ಇಳಿಯುತ್ತದೆ. ಸರಿಯಾಗಿ ಅರ್ಧ ದಾರಿಯಲ್ಲಿ, 2 ಮಿ.ಮೀ. ಬಂದಾಗ, ಎರಡು ಲೋಹದ ಎಲೆಗಳು ಒಂದಕ್ಕೊಂದು ತಾಗುತ್ತವೆ. ತಾಗಿದರೆ ಒತ್ತಿದೆ, ಬಿಟ್ಟರೆ ಬಿಟ್ಟಿದೆ. ಬೇಗ ತಾಗುವ ಸ್ವಿಚ್ ಬೇಕಾದರೆ ಬೇರೆಯದೇ ಕೊಳ್ಳಬೇಕು. ಎಂಎಕ್ಸ್ ಸ್ಪೀಡ್ ಸಿಲ್ವರ್ 1.2 ಮಿ.ಮೀ.ಗೇ ತಾಗುತ್ತದೆ. ಒಮ್ಮೆ ಬೆಸುಗೆ ಹಾಕಿ ಕೂರಿಸಿದ ಮೇಲೆ ಆ ಆಳ ಬದಲಾಗುವುದಿಲ್ಲ.

ಲೋಹಕ್ಕೆ ಇನ್ನೊಂದು ಚಾಳಿಯಿದೆ. ಎರಡು ಎಲೆ ಒಂದೇ ಏಟಿಗೆ ಗಪ್ಪನೆ ಕೂರುವುದಿಲ್ಲ. ತಾಗಿ, ಪುಟಿದು, ಮತ್ತೆ ತಾಗುತ್ತವೆ. ಆ ಪುಟಿತವನ್ನು ನಾಲ್ಕು ಸಲ ಒತ್ತಿದ್ದಾರೆ ಅಂತ ಕಂಪ್ಯೂಟರ್ ತಿಳಿಯಬಾರದು. ಹಾಗಾಗಿ ಕೀಬೋರ್ಡ್ ಕೆಲವು ಮಿಲಿಸೆಕೆಂಡ್ ಕಾದು ನೋಡುತ್ತದೆ. ಬಹಳಷ್ಟು ಹವ್ಯಾಸಿಗಳು ಬಳಸುವ ಕ್ಯೂಎಂಕೆ ಫರ್ಮ್‌ವೇರ್‌ನಲ್ಲಿ (ಕೀಬೋರ್ಡ್ ಒಳಗೇ ಓಡುವ ಸಾಫ್ಟ್‌ವೇರ್) ಈ ಕಾಯುವಿಕೆ ಮೊದಲಿಂದಲೇ 5 ಮಿಲಿಸೆಕೆಂಡ್‌ಗೆ ಇಟ್ಟಿರುತ್ತದೆ.

ಅಯಸ್ಕಾಂತದ ಸ್ವಿಚ್‌ನಲ್ಲಿ ಎಲೆಯೇ ಇಲ್ಲ. ಕೀ ಜೊತೆ ಕೆಳಗೆ ಇಳಿಯುವ ಕಂಬದ ತುದಿಯಲ್ಲಿ ಒಂದು ಪುಟ್ಟ ಅಯಸ್ಕಾಂತ. ಕೆಳಗೆ ಸರ್ಕ್ಯೂಟ್ ಬೋರ್ಡ್ ಮೇಲೆ ಒಂದು ಸೆನ್ಸರ್. ಅಯಸ್ಕಾಂತ ಹತ್ತಿರ ಬಂದಷ್ಟೂ ಸೆನ್ಸರ್ ಕೊಡುವ ವೋಲ್ಟೇಜ್ ಬದಲಾಗುತ್ತದೆ. ಹಾಲ್ ಎಫೆಕ್ಟ್ ಅನ್ನುವುದು ಇದಕ್ಕೇ. ಅದನ್ನು ಅಳೆದರೆ ಕೀ ಎಷ್ಟು ಆಳಕ್ಕೆ ಹೋಗಿದೆ ಅಂತ ಗೊತ್ತಾಗುತ್ತದೆ. ಹೌದು-ಇಲ್ಲ ಅನ್ನುವ ಬದಲು ‘ಇಷ್ಟು’ ಅನ್ನುವ ಉತ್ತರ. ಎಷ್ಟು ಆಳವನ್ನು ‘ಒತ್ತಿದ್ದು’ ಅಂತ ಕರೆಯಬೇಕು ಅನ್ನುವುದು ಆಮೇಲಿನ ಮಾತು. ಅದನ್ನು ಒಂದೊಂದು ಕೀಗೂ ಬೇರೆ ಬೇರೆ ಇಡಬಹುದು.

ಇದು ಹೊಸದೇನಲ್ಲ. ಎಡ್ವಿನ್ ಹಾಲ್ ಈ ಪರಿಣಾಮವನ್ನು ಚಿನ್ನದ ತೆಳು ಹಾಳೆಯಲ್ಲಿ ಕಂಡದ್ದು 1879ರಲ್ಲಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ. 1960ರ ದಶಕದ ಕೊನೆಗೆ ಹನಿವೆಲ್ ಕಂಪನಿಯ ಮೈಕ್ರೋ ಸ್ವಿಚ್ ವಿಭಾಗ ಇದೇ ತತ್ವದ ಕೀಬೋರ್ಡ್ ಮಾಡಿ ಮಾರುತ್ತಿತ್ತು. ಎಂಐಟಿಯ ಲಿಸ್ಪ್ ಕಂಪ್ಯೂಟರ್‌ಗಳ ಹೆಸರಾಂತ ಸ್ಪೇಸ್ ಕೆಡೆಟ್ ಕೀಬೋರ್ಡ್‌ನಲ್ಲಿ ಇದ್ದದ್ದೂ ಅವೇ ಸ್ವಿಚ್‌ಗಳು. ಸವೆಯುವ ಸಂಪರ್ಕವೇ ಇಲ್ಲದ್ದರಿಂದ ವರ್ಷಗಟ್ಟಲೆ ಬಾಳಿಕೆ. ಆದರೆ ಆ ಕಾಲದ ಚಿಪ್‌ಗಳು ಹೇಳುತ್ತಿದ್ದದ್ದು ಬರೀ ಹೌದು-ಇಲ್ಲ. ಬೆಲೆಯೂ ಜಾಸ್ತಿ. ಅಗ್ಗದ ಕೀಬೋರ್ಡ್‌ಗಳು ಬಂದ ಮೇಲೆ ಇವು ಮೂಲೆ ಸೇರಿದವು.

ಮತ್ತೆ ಜೀವ ಬಂದದ್ದು ಆಟಗಳಿಂದ. ನೆದರ್‌ಲ್ಯಾಂಡ್ಸ್‌ನ ವೂಟಿಂಗ್ ಅನ್ನುವ ಪುಟ್ಟ ಕಂಪನಿ 2016ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಎತ್ತಿ ಅನಲಾಗ್ ಕೀಬೋರ್ಡ್ ಮಾಡಿತು. ಮೊದಲ ಮಾದರಿಯಲ್ಲಿ ಅಯಸ್ಕಾಂತ ಇರಲಿಲ್ಲ, ಬೆಳಕಿನಿಂದ ಆಳ ಅಳೆಯುತ್ತಿದ್ದರು. ಅವರ ಕನಸು ಏನಿತ್ತು ಗೊತ್ತಾ? ಗೇಮ್‌ಪ್ಯಾಡ್‌ನ ಕಡ್ಡಿಯ ಹಾಗೆ, ಕೀ ಸ್ವಲ್ಪ ಒತ್ತಿದರೆ ಪಾತ್ರ ನಿಧಾನ ನಡೆಯಬೇಕು, ಪೂರ್ತಿ ಒತ್ತಿದರೆ ಓಡಬೇಕು. ಕಾರಿನ ಸ್ಟೀರಿಂಗ್ ಎಷ್ಟು ಬೇಕೋ ಅಷ್ಟೇ ತಿರುಗಬೇಕು.

ಚೆಂದದ ಕನಸು. ಆದರೆ ಕೀಬೋರ್ಡ್ ಮತ್ತು ಕಂಪ್ಯೂಟರ್ ಮಾತಾಡುವ ಯುಎಸ್‌ಬಿ ಭಾಷೆಯಲ್ಲಿ ‘ಅರ್ಧ ಒತ್ತಿದ ಕೀ’ ಅನ್ನುವ ಪದವೇ ಇಲ್ಲ. ಯಾವ ಕೀ ಒತ್ತಿದೆ, ಯಾವುದು ಒತ್ತಿಲ್ಲ, ಅಷ್ಟೇ. ಹಾಗಾಗಿ ಅನಲಾಗ್ ಕೀಬೋರ್ಡ್ ‘ನಾನು ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡ್’ ಅಂತ ವೇಷ ಹಾಕಬೇಕಾಯಿತು. ಕೆಲವು ಆಟಗಳು ಮೌಸ್ ಮತ್ತು ಗೇಮ್‌ಪ್ಯಾಡ್ ಎರಡನ್ನೂ ಒಟ್ಟಿಗೆ ಒಪ್ಪುವುದಿಲ್ಲ. ಕೆಲವು ಪರದೆಯ ಸೂಚನೆಗಳನ್ನೆಲ್ಲ ಗಳಿಗೆಗೊಮ್ಮೆ ಬದಲಿಸುತ್ತಾ ಕೂರುತ್ತವೆ. ಕನಸು ಅಲ್ಲಲ್ಲೇ ಉಳಿಯಿತು. ಜನ ಮುಗಿಬಿದ್ದದ್ದು ಅದೇ ಯಂತ್ರದ ಬೇರೆ ಉಪಯೋಗಕ್ಕೆ.

ಅದೇ ರ್‍ಯಾಪಿಡ್ ಟ್ರಿಗರ್. ನನ್ನ ಪ್ರಕಾರ ಈ ಇಡೀ ಗಲಾಟೆಯಲ್ಲಿ ನಿಜವಾದ ಹೊಸ ವಿಚಾರ ಇದೊಂದೇ. ಒತ್ತುವುದರಲ್ಲಿ ಅಲ್ಲ, ಬಿಡುವುದರಲ್ಲಿ ಇದರ ಗುಟ್ಟು ಇದೆ.

ಹಳೇ ಸ್ವಿಚ್‌ನಲ್ಲಿ ಬೆರಳು ತಳಕ್ಕೆ ಮುಟ್ಟಿದೆ ಅಂದುಕೊಳ್ಳಿ. ಕೀ ‘ಬಿಟ್ಟಿದೆ’ ಅಂತ ಆಗಬೇಕಾದರೆ ಅದು 4 ಮಿ.ಮೀ. ತಳದಿಂದ ಮೇಲೆದ್ದು 2 ಮಿ.ಮೀ. ಗೆರೆಯನ್ನು ದಾಟಬೇಕು. ಬೆರಳು ಸೆಕೆಂಡಿಗೆ ಹತ್ತು ಸೆಂಟಿಮೀಟರ್ ವೇಗದಲ್ಲಿ ಏಳುತ್ತದೆ ಅಂತ ಲೆಕ್ಕ ಹಿಡಿದರೆ, ಆ 2 ಮಿ.ಮೀ.ಗೆ 20 ಮಿಲಿಸೆಕೆಂಡ್ ಬೇಕು. ರ್‍ಯಾಪಿಡ್ ಟ್ರಿಗರ್‌ನಲ್ಲಿ ಗೆರೆಯೇ ಇಲ್ಲ. ಕೀ ಎಲ್ಲಿದ್ದರೂ ಸರಿ, ಮೇಲೆ ಏಳಲು ಶುರು ಮಾಡಿದರೆ ಬಿಟ್ಟ ಹಾಗೆ, ಮತ್ತೆ ಕೆಳಗಿಳಿಯಲು ಶುರು ಮಾಡಿದರೆ ಒತ್ತಿದ ಹಾಗೆ. ಸೂಕ್ಷ್ಮತೆ 0.2 ಮಿ.ಮೀ.ಗೆ ಇಟ್ಟರೆ ಅದೇ ವೇಗದಲ್ಲಿ 2 ಮಿಲಿಸೆಕೆಂಡ್ ಸಾಕು. ಉಳಿದದ್ದು 18.

ಇದಕ್ಕೆ ಹೋಲಿಸಿ ನೋಡಿ. 1000 ಹರ್ಟ್ಸ್ ಕೀಬೋರ್ಡ್ ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತದೆ, 8000 ಹರ್ಟ್ಸ್‌ನದು 0.125 ಮಿಲಿಸೆಕೆಂಡಿಗೊಮ್ಮೆ. ಹೆಚ್ಚೆಂದರೆ ಉಳಿಯುವುದು ಒಂದು ಮಿಲಿಸೆಕೆಂಡ್‌ಗೂ ಕಡಿಮೆ. ಆದರೂ ಡಬ್ಬಿಯ ಮೇಲೆ ದಪ್ಪಕ್ಷರ ಸಿಗುವುದು 8000ಕ್ಕೇ.

ಹದಿನೆಂಟು ಮಿಲಿಸೆಕೆಂಡ್ ಯಾರಿಗೆ ಬೇಕು ಅಂತ ಕೇಳಬಹುದು. ಒಸು! ಅನ್ನುವ ತಾಳದ ಆಟ ಆಡುವವರಿಗೆ ಬೇಕು, ಒಂದೇ ಕೀಯನ್ನು ಪಟಪಟ ಬಡಿಯಬೇಕಲ್ಲ. ಕೌಂಟರ್ ಸ್ಟ್ರೈಕ್ ಆಡುವವರಿಗೆ ಇನ್ನೂ ಜಾಸ್ತಿ ಬೇಕು. ಆ ಆಟದಲ್ಲಿ ಓಡುತ್ತಾ ಗುಂಡು ಹೊಡೆದರೆ ಗುರಿ ತಪ್ಪುತ್ತದೆ. ನಿಂತು ಹೊಡೆಯಬೇಕು. ಬಲಕ್ಕೆ ಓಡುತ್ತಿದ್ದವನು ಡಿ ಕೀ ಬಿಟ್ಟರೆ ಸ್ವಲ್ಪ ಜಾರಿ ನಿಲ್ಲುತ್ತಾನೆ. ಬಿಟ್ಟ ಕೂಡಲೇ ಎದುರಿನ ಎ ಕೀಯನ್ನು ಒಂದು ಕ್ಷಣ ತಟ್ಟಿದರೆ ಗಕ್ಕನೆ ನಿಲ್ಲುತ್ತಾನೆ. ಈ ಬಿಡು-ತಟ್ಟು ಹದವನ್ನು ಕೈಗೆ ಕಲಿಸಲು ಆಟಗಾರರು ವರ್ಷಗಟ್ಟಲೆ ಸವೆಸುತ್ತಾರೆ. ಬೇಗ ತಟ್ಟಿದರೆ ಎರಡೂ ಕೀ ಒಟ್ಟಿಗೆ ಒತ್ತಿದ ಹಾಗೆ ಆಗುತ್ತದೆ, ತಡವಾದರೆ ಎದುರಾಳಿ ಹೊಡೆದು ಮುಗಿಸಿರುತ್ತಾನೆ.

ಜಗಳ ಹತ್ತಿದ್ದು ಇಲ್ಲೇ. 2024ರ ಜುಲೈನಲ್ಲಿ ರೇಜರ್ ಕಂಪನಿ ತನ್ನ ಹಂಟ್ಸ್‌ಮನ್ ವಿ3 ಪ್ರೊ ಕೀಬೋರ್ಡ್‌ಗೆ ಸ್ನ್ಯಾಪ್ ಟ್ಯಾಪ್ ಅನ್ನುವ ಸೌಲಭ್ಯ ಕೊಟ್ಟಿತು. ಡಿ ಒತ್ತಿಕೊಂಡೇ ಎ ಒತ್ತಿ ಪರವಾಗಿಲ್ಲ, ಡಿ ಬಿಟ್ಟಿದೆ ಅಂತ ಕೀಬೋರ್ಡ್ ತಾನೇ ಕಂಪ್ಯೂಟರ್‌ಗೆ ಹೇಳುತ್ತದೆ. ಎ ಬಿಟ್ಟರೆ ಡಿ ತಾನಾಗಿ ವಾಪಸ್. ವೂಟಿಂಗ್ ಕೂಡ ತಡಮಾಡದೆ ಸ್ನ್ಯಾಪಿ ಟ್ಯಾಪಿ ಅಂತ ಅದನ್ನೇ ತಂದಿತು. ವರ್ಷಗಟ್ಟಲೆ ಕಲಿತ ಹದ ಒಂದು ಟಿಕ್ ಗುರುತಿನಲ್ಲಿ ಸಿಗುವ ಹಾಗಾಯಿತು. ಒಂದೇ ತಿಂಗಳಲ್ಲಿ, ಆಗಸ್ಟ್ 19ರಂದು, ಕೌಂಟರ್ ಸ್ಟ್ರೈಕ್ 2 ನಡೆಸುವ ವಾಲ್ವ್ ಕಂಪನಿ ತನ್ನ ಅಧಿಕೃತ ಸರ್ವರ್‌ಗಳಲ್ಲಿ ಇಂಥದ್ದನ್ನು ಬಳಸಿದರೆ ಆಟದಿಂದ ಹೊರಗೆ ಹಾಕುತ್ತೇವೆ ಅಂದಿತು. ಒಂದೇ ಕೀ ಒತ್ತಿ ಹಲವು ಕೆಲಸ ಮಾಡಿಸುವ ಹಳೇ ಬೈಂಡ್‌ಗಳಿಗೂ ಅವತ್ತೇ ಕತ್ತರಿ ಬಿತ್ತು. ರ್‍ಯಾಪಿಡ್ ಟ್ರಿಗರ್ ಮಾತ್ರ ಉಳಿಯಿತು.

ಎರಡೂ ಒಂದೇ ಸೆನ್ಸರ್, ಒಂದೇ ಚಿಪ್, ಒಂದೇ ಕೀಬೋರ್ಡ್‌ನಲ್ಲಿ ಕೂತಿವೆ. ಒಂದು ಸರಿ, ಇನ್ನೊಂದು ತಪ್ಪು ಹೇಗೆ? ನನಗೆ ವಾಲ್ವ್ ಎಳೆದ ಗೆರೆ ಸರಿಯಾದ ಜಾಗದಲ್ಲೇ ಇದೆ ಅನಿಸುತ್ತದೆ. ರ್‍ಯಾಪಿಡ್ ಟ್ರಿಗರ್ ಬೆರಳು ಮಾಡಿದ್ದನ್ನು ಬೇಗ ಹೇಳುತ್ತದೆ. ಬೆರಳು ಎದ್ದಿದೆ, ಅದಕ್ಕೇ ಬಿಟ್ಟಿದೆ ಅನ್ನುತ್ತದೆ. ಸ್ನ್ಯಾಪ್ ಟ್ಯಾಪ್ ಬೆರಳು ಮಾಡದ್ದನ್ನು ಹೇಳುತ್ತದೆ. ಬೆರಳು ಡಿ ಮೇಲೆ ತಳಮುಟ್ಟ ಒತ್ತಿಕೊಂಡೇ ಇದೆ, ಕೀಬೋರ್ಡ್ ಮಾತ್ರ ‘ಇಲ್ಲ, ಬಿಟ್ಟಿದ್ದಾನೆ’ ಅನ್ನುತ್ತದೆ. ಮೊದಲನೆಯದು ಒಳ್ಳೆಯ ಕಿವಿ, ಎರಡನೆಯದು ಬೇರೆಯವರ ಪರವಾಗಿ ಮಾತಾಡುವ ಬಾಯಿ.

ಅಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ, ಅದೂ ನಿಜ. ವೂಟಿಂಗ್‌ನಲ್ಲಿ ರ್‍ಯಾಪಿ ಸ್ನ್ಯಾಪಿ ಅಂತ ಇನ್ನೊಂದಿದೆ. ಎರಡು ಕೀಗಳಲ್ಲಿ ಯಾವುದು ಹೆಚ್ಚು ಆಳಕ್ಕೆ ಹೋಗಿದೆಯೋ ಅದಕ್ಕೆ ಮಾತ್ರ ಬೆಲೆ. ಇದು ಕೇಳುವುದೋ, ತೀರ್ಮಾನಿಸುವುದೋ? ಆಳ ಅಳೆದಿದ್ದು ನಿಜ, ಆದರೆ ಒತ್ತಿರುವ ಒಂದು ಕೀಯನ್ನು ಮುಚ್ಚಿಟ್ಟದ್ದೂ ನಿಜ. ಇನ್ನು ಜಗಳದಾಟಗಳವರಿಗೆ ಎಡ-ಬಲ ಒಟ್ಟಿಗೆ ಒತ್ತಿದರೆ ಏನಾಗಬೇಕು ಅನ್ನುವ ಈ ಚರ್ಚೆ ಹಳೇದು. ಕಡ್ಡಿಯಿದ್ದಾಗ ಎರಡೂ ಕಡೆ ಒಟ್ಟಿಗೆ ವಾಲಿಸಲು ಆಗುತ್ತಿರಲಿಲ್ಲ. ಕಡ್ಡಿ ಹೋಗಿ ಬರೀ ಗುಂಡಿಗಳು ಬಂದ ಮೇಲೆ ಆ ಪ್ರಶ್ನೆ ಹುಟ್ಟಿತು.

ಈಗ ಆ 0.01 ಮಿ.ಮೀ. ಕಥೆಗೆ ಬರೋಣ. ಕೊಳ್ಳುವವರು ಜಾಸ್ತಿ ಮೋಸ ಹೋಗುವುದು ಇಲ್ಲೇ.

ಅಯಸ್ಕಾಂತದ ಬಲ ದೂರಕ್ಕೆ ತಕ್ಕ ಹಾಗೆ ಒಂದೇ ಸಮನೆ ಇಳಿಯುವುದಿಲ್ಲ, ದಬದಬ ಬೀಳುತ್ತದೆ. ಪುಟ್ಟ ಅಯಸ್ಕಾಂತದಿಂದ ದೂರ ಇಮ್ಮಡಿಯಾದರೆ ಬಲ ಹೆಚ್ಚೂಕಮ್ಮಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಕೀ ತಳದ ಹತ್ತಿರ ಇದ್ದಾಗ ಕೂದಲೆಳೆ ಅಲುಗಿದರೂ ಸೆನ್ಸರ್‌ಗೆ ಚೆನ್ನಾಗಿ ಗೊತ್ತಾಗುತ್ತದೆ. ಮೇಲೆ, ಅಂದರೆ ಬೆರಳು ಈಗಷ್ಟೇ ಒತ್ತಲು ಶುರು ಮಾಡಿದ ಜಾಗದಲ್ಲಿ, ಅದೇ ಅಲುಗಾಟಕ್ಕೆ ವೋಲ್ಟೇಜ್ ಅಲುಗಿದರೆ ಅಲುಗಿತು, ಇಲ್ಲವಾದರೆ ಇಲ್ಲ. ಮೈಕ್ರೋಕಂಟ್ರೋಲರ್ ಅದನ್ನು 12 ಬಿಟ್‌ನಲ್ಲಿ, 4096 ಮೆಟ್ಟಿಲಾಗಿ ಅಳೆಯುತ್ತದೆ ಅಂದುಕೊಂಡರೂ, ಹೆಚ್ಚಿನ ಮೆಟ್ಟಿಲು ಕೆಳಗಿನ ಅರ್ಧಕ್ಕೇ ಖರ್ಚಾಗುತ್ತವೆ. ಆಟಗಾರನಿಗೆ ಸೂಕ್ಷ್ಮತೆ ಬೇಕಾದದ್ದು ಮೊದಲ 0.1 ಮಿ.ಮೀ.ನಲ್ಲಿ. ಸೆನ್ಸರ್ ಎಲ್ಲಕ್ಕಿಂತ ಮಂಕಾಗಿರುವುದೂ ಅಲ್ಲೇ.

ಜೊತೆಗೆ ಸದ್ದು ಇದೆ, ಕಿವಿಗೆ ಕೇಳುವ ಸದ್ದಲ್ಲ, ವೋಲ್ಟೇಜ್‌ನ ನಡುಕ. ಯಾರೂ ಮುಟ್ಟದಿದ್ದರೂ ಅಂಕಿ ಒಂದೆರಡು ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತದೆ. ಬಿಸಿ ಏರಿದರೆ ಅಯಸ್ಕಾಂತ ಸ್ವಲ್ಪ ಸೊರಗುತ್ತದೆ. ಪಕ್ಕದ ಕೀಯ ಅಯಸ್ಕಾಂತವೂ ತನ್ನ ಪಾಲು ಸೇರಿಸುತ್ತದೆ. ಇದನ್ನೆಲ್ಲ ಫರ್ಮ್‌ವೇರ್ ಸೋಸಬೇಕು, ಸೋಸುವುದಕ್ಕೆ ಸಮಯ ಬೇಕು. ಪುಟಿಯುವ ಲೋಹ ಹೋಯಿತು ಅಂತ ಕಾಯುವುದು ಪೂರ್ತಿ ತಪ್ಪಲಿಲ್ಲ. 0.01 ಅನ್ನುವುದು ಸ್ಲೈಡರ್ ಎಷ್ಟು ಚಿಕ್ಕ ಹೆಜ್ಜೆಯಲ್ಲಿ ಸರಿಯುತ್ತದೆ ಅನ್ನುವ ಅಂಕಿ. ಕೀ ನಿಜಕ್ಕೂ ಅಲ್ಲೇ ಒತ್ತುತ್ತದೆ ಅನ್ನುವ ಭರವಸೆ ಅಲ್ಲ. ಮಿಲಿಗ್ರಾಂ ತೋರಿಸುವ ತಕ್ಕಡಿ ಮಿಲಿಗ್ರಾಂ ಲೆಕ್ಕಕ್ಕೆ ಸರಿಯಾಗಿ ತೂಗಬೇಕು ಅಂತೇನಿಲ್ಲ, ಅಲ್ವಾ?

ತಾವೇ ಕೀಬೋರ್ಡ್ ಜೋಡಿಸುವ ಕಸ್ಟಮ್ ಮಂದಿಗೆ ಇನ್ನೂ ಒಂದು ತಾಪತ್ರಯ. ಆ ಹವ್ಯಾಸದಲ್ಲಿ ‘ಬಾಗುವ’ ಕೀಬೋರ್ಡ್ ಅಂದರೆ ಪ್ರಾಣ. ಸ್ವಿಚ್‌ಗಳನ್ನು ಹಿಡಿದಿಡುವ ಪ್ಲೇಟ್ ಅನ್ನು ಮೆತ್ತನೆ ಗ್ಯಾಸ್ಕೆಟ್ ಮೇಲೆ ಕೂರಿಸಿ, ಒತ್ತಿದಾಗ ಮೆಲ್ಲಗೆ ಬಾಗಿ ಒಳ್ಳೇ ಸದ್ದು ಬರುವ ಹಾಗೆ ಮಾಡುತ್ತಾರೆ. ಮಾಮೂಲಿ ಸ್ವಿಚ್‌ಗೆ ಇದರಿಂದ ತೊಂದರೆಯಿಲ್ಲ. ಅದರ ಕಾಲುಗಳು ಬೋರ್ಡ್‌ಗೆ ಕಚ್ಚಿಕೊಂಡಿರುತ್ತವೆ, ಒಳಗಿನ ಎಲೆಗಳು ತಾಗಿದರೆ ಸಾಕು. ಅಯಸ್ಕಾಂತದ ಸ್ವಿಚ್‌ಗೆ ವಿದ್ಯುತ್ತಿನ ಕಾಲುಗಳೇ ಇಲ್ಲ. ಅದನ್ನು ಹಿಡಿದುಕೊಂಡಿರುವುದು ಪ್ಲೇಟ್, ಸೆನ್ಸರ್ ಇರುವುದು ಕೆಳಗಿನ ಬೋರ್ಡ್ ಮೇಲೆ. ಪ್ಲೇಟ್ ಬೋರ್ಡ್‌ನಿಂದ ಒಂಚೂರು ಮೇಲೆದ್ದರೂ ಅಯಸ್ಕಾಂತದ ದೂರ ಬದಲಾಗುತ್ತದೆ. ಬೆರಳು ಒತ್ತಿದ್ದೋ, ಪ್ಲೇಟ್ ಬಾಗಿದ್ದೋ ಅಂತ ಸೆನ್ಸರ್‌ಗೆ ತಿಳಿಯುವುದಿಲ್ಲ. ಅದಕ್ಕೇ ಇಂಥ ಕೀಬೋರ್ಡ್‌ಗಳಲ್ಲಿ ಪ್ಲೇಟ್ ಮತ್ತು ಬೋರ್ಡ್ ಎರಡನ್ನೂ ಸ್ಕ್ರೂ ಹಾಕಿ ಬಿಗಿಯುತ್ತಾರೆ. ವೂಟಿಂಗ್ 60ಎಚ್‌ಇಯ ಒಳಭಾಗವನ್ನು ಬೇರೆಯಾಗಿ ಕೊಂಡು ತಮ್ಮಿಷ್ಟದ 60% ಕೇಸ್‌ಗೆ ಹಾಕಿಕೊಳ್ಳುವವರು ಬಹಳ ಜನ. ಅವರಿಗೆ ಸಿಗುವುದೂ ಪ್ಲೇಟ್, ಬೋರ್ಡ್ ಸೇರಿದ ಒಂದೇ ಗಟ್ಟಿ ತುಂಡು.

ಸ್ವಿಚ್ ಬದಲಿಸುವುದೂ ಮೊದಲಿನಷ್ಟು ಸುಲಭ ಅಲ್ಲ. ನೋಡಲು ಒಂದೇ ಥರ, ಕೂರುವುದೂ ಒಂದೇ ಥರ. ಆದರೆ ಒಂದರ ಅಯಸ್ಕಾಂತ ಉತ್ತರ ಧ್ರುವ ಕೆಳಗೆ ಮಾಡಿ ಕೂತಿರುತ್ತದೆ, ಇನ್ನೊಂದರದು ದಕ್ಷಿಣ. ಬಲವೂ ಬೇರೆ ಬೇರೆ. ಕೀಬೋರ್ಡ್ ಮಾಡಿದವರ ಪಟ್ಟಿಯಲ್ಲಿ ಇಲ್ಲದ ಸ್ವಿಚ್ ಹಾಕಿದರೆ ಒಂದೋ ಕೆಲಸ ಮಾಡುವುದಿಲ್ಲ, ಇಲ್ಲವೇ ತಪ್ಪು ಆಳ ತೋರಿಸುತ್ತದೆ. ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಬಿಡಿ ಸ್ವಿಚ್ ಕೊಳ್ಳುವ ಮುಂಚೆ ಆ ಪಟ್ಟಿ ನೋಡಿಕೊಳ್ಳುವುದು ಒಳ್ಳೇದು. ಸ್ಟೀಲ್ ಪ್ಲೇಟ್ ಹಾಕುವ ಆಸೆ ಇದ್ದರೆ ಅದನ್ನೂ ಎರಡು ಸಲ ಯೋಚಿಸಿ. ಸ್ಟೀಲ್ ಅಯಸ್ಕಾಂತವನ್ನು ಸುಮ್ನೆ ಬಿಡುವುದಿಲ್ಲ.

ವೈರ್ ಇಲ್ಲದ ಮಾದರಿಗಳು ತಡವಾಗಿ ಬಂದದ್ದಕ್ಕೆ ಕಾರಣ ಕರೆಂಟು. ಒಂದು ಹಾಲ್ ಸೆನ್ಸರ್ 2-3 ಮಿಲಿಆಂಪ್ ಎಳೆಯುತ್ತದೆ ಅಂತ ಹಿಡಿದರೂ 68 ಕೀಗೆ 140ರಿಂದ 200 ಮಿಲಿಆಂಪ್ ಆಸುಪಾಸು ಆಯಿತು. ಬ್ಯಾಟರಿ ಎಷ್ಟು ಹೊತ್ತು ಬಂದೀತು? ಈಗ ಟಿಎಂಆರ್ ಅನ್ನುವ ಬೇರೆ ಬಗೆಯ ಸೆನ್ಸರ್ ಬರುತ್ತಿದೆ. ಅದು ಕುಡಿಯುವ ಕರೆಂಟು ಬಹಳ ಕಡಿಮೆ.

ಇನ್ನು ಡ್ರೈವರ್. ಆಳ, ಸೂಕ್ಷ್ಮತೆ ಬದಲಿಸುವ ಸಾಫ್ಟ್‌ವೇರ್ ಬಹಳಷ್ಟು ಕೀಬೋರ್ಡ್‌ಗಳಿಗೆ ಈಗ ಒಂದು ಜಾಲತಾಣ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ತೆರೆದರೆ ಕೀಬೋರ್ಡ್ ಜೊತೆ ನೇರ ಮಾತಾಡುತ್ತದೆ. ಫೈರ್‌ಫಾಕ್ಸ್, ಸಫಾರಿಯವರಿಗೆ ಆ ಭಾಗ್ಯ ಇಲ್ಲ. ಸೆಟ್ಟಿಂಗ್ ಕೀಬೋರ್ಡ್ ಒಳಗೇ ಉಳಿಯುತ್ತದೆ, ಅದು ಸಮಾಧಾನ. ಆದರೆ ಮಾಡಿದ ಕಂಪನಿ ನಾಳೆ ಆ ಪುಟ ಮುಚ್ಚಿದರೆ, ಕೀಗಳು ಇವತ್ತು ಇಟ್ಟ ಆಳದಲ್ಲೇ ಖಾಯಂ. ಹೆಸರೇ ಕೇಳಿಲ್ಲದ ಕಂಪನಿಯ ಅಗ್ಗದ ಕೀಬೋರ್ಡ್ ಕೊಳ್ಳುವಾಗ ನನಗೆ ಸ್ವಿಚ್‌ಗಿಂತ ಇದೇ ದೊಡ್ಡ ಪ್ರಶ್ನೆ. ಆಳ ಬದಲಿಸಬಹುದು ಅಂತಲೇ ತಾನೇ ದುಡ್ಡು ಕೊಟ್ಟದ್ದು?

ನನ್ನ ಹಾಗೆ ಬರೀ ಟೈಪ್ ಮಾಡುವವರಿಗೆ ಇದರಿಂದ ಏನು ಲಾಭ? ಎಲ್ಲರೂ ಕಡಿಮೆ ಮಾಡಲು ಹೊರಟಿರುವ ಆಳವನ್ನು ಜಾಸ್ತಿ ಮಾಡುವುದರಲ್ಲಿ ಲಾಭ ಇದೆ. ಕೈ ನಡುಗುವವರು ಎಲ್ಲ ಕೀಗಳನ್ನೂ ತಳದ ಹತ್ತಿರ ಇಟ್ಟುಕೊಂಡರೆ ತಪ್ಪು ಅಕ್ಷರ ಕಡಿಮೆಯಾಗುತ್ತವೆ. ಕಿರುಬೆರಳಿಗೆ ಬಲ ಸಾಲದವರು ಆ ಕೀಗಳನ್ನಷ್ಟೇ ಮೇಲೆ ತರಬಹುದು.

ಇನ್ನೊಂದು ಆಸೆಯೂ ನನಗೆ ಹುಟ್ಟಿತ್ತು. ವೂಟಿಂಗ್ ಥರದವುಗಳಲ್ಲಿ ಒಂದೇ ಕೀಗೆ ಬೇರೆ ಬೇರೆ ಆಳದಲ್ಲಿ ಬೇರೆ ಬೇರೆ ಕೆಲಸ ಕೊಡಬಹುದು. ಕನ್ನಡದಲ್ಲಿ ಮಹಾಪ್ರಾಣ ಬೇಕಾದಾಗೆಲ್ಲ ಶಿಫ್ಟ್ ಒತ್ತಬೇಕು. ಹಗುರವಾಗಿ ಒತ್ತಿದರೆ ‘ಕ’, ಗಟ್ಟಿಯಾಗಿ ಒತ್ತಿದರೆ ‘ಖ’ ಬರುವ ಹಾಗೆ ಮಾಡಿದರೆ? ಉಸಿರು ಜಾಸ್ತಿ ಕೊಡುವ ಅಕ್ಷರಕ್ಕೆ ಒತ್ತೂ ಜಾಸ್ತಿ, ಎಷ್ಟು ಚೆಂದ! ಒಂದು ಸಂಜೆ ಕೂತು ಪ್ರಯತ್ನಿಸಿದೆ. ಬಂದದ್ದು ‘ಕಖ’. ಆಳಕ್ಕೆ ಹೋಗುವ ಬೆರಳು ಮೇಲಿನ ಗೆರೆಯನ್ನು ದಾಟಿಯೇ ಹೋಗಬೇಕಲ್ಲ. ಬೆರಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಆಮೇಲೆ ಅಕ್ಷರ ಕೊಡಬೇಕು ಅಂದರೆ ಕೀಬೋರ್ಡ್ ಕಾಯಬೇಕು. ಬೆರಳು ಮಾಡಿದ್ದನ್ನು ಹೇಳುವುದು ಬಿಟ್ಟು, ಮನಸ್ಸಲ್ಲಿ ಏನಿತ್ತು ಅಂತ ಊಹಿಸಲು ಕೂರಬೇಕು. ಅಲ್ಲಿಗೆ ನಾನೂ ಸ್ನ್ಯಾಪ್ ಟ್ಯಾಪ್ ಬೇಕು ಅಂದವರ ಸಾಲಿಗೆ ಸೇರಿದ ಹಾಗಾಯಿತು.

ಕೊನೆಗೆ ಎರಡು ಪ್ರೊಫೈಲ್ ಮಾಡಿಕೊಂಡೆವು. ಒಂದು ಹುಡುಗನದು, 0.1 ಮಿ.ಮೀ., ರ್‍ಯಾಪಿಡ್ ಟ್ರಿಗರ್ ಸಮೇತ. ಇನ್ನೊಂದಕ್ಕೆ ಅವನೇ ‘ಚಿಕ್ಕಪ್ಪ’ ಅಂತ ಹೆಸರಿಟ್ಟ. ಅದರಲ್ಲಿ ಅಕ್ಷರಗಳು 1.8ಕ್ಕೆ, ಎಫ್ ಒಂದೇ 2.8ಕ್ಕೆ, ರ್‍ಯಾಪಿಡ್ ಟ್ರಿಗರ್ ಇಲ್ಲ. ಮನೆ ಮನೆಯಾಗಿಯೇ ಬರುತ್ತಿದೆ. ಮೊನ್ನೆ ಭಾನುವಾರ ನಾನು ಬರೆದು ಎದ್ದ ಮೇಲೆ ಅವನು ಪ್ರೊಫೈಲ್ ಬದಲಿಸದೆ ಹಾಗೇ ಆಟಕ್ಕೆ ಕೂತ. ಗೊತ್ತಾಗಿದ್ದು ಮೂರು ರೌಂಡ್ ಆದ ಮೇಲೆ. ಅದರಲ್ಲಿ ಎರಡು ಗೆದ್ದಿದ್ದ.